ಬೆಳಗಾವಿಯ ಬಾಬಾ ಪದ್ಮನಜಿಯವರು: ಒಬ್ಬ ವಿದ್ಯಾರ್ಥಿಯ ಪ್ರಬಂಧವೂ ಅದರ ಫಲವೂ

ನಮ್ಮ ಸಭೆಗಳಲ್ಲಿ ಸಂಡೇಸ್ಕೂಲಿನ ಪರೀಕ್ಷೆಯೂ ಪ್ರಬಂಧದ ಸ್ಪರ್ಧೆಯೂ ಮುಗಿದು ಬಹುಮಾನಗಳನ್ನು ಹಂಚಿಯಾದ ಮೇಲೆ, ಮಕ್ಕಳು ಬರೆದ ಆ ಕಾಗದಗಳ ಗತಿ ಏನಾಯಿತೆಂದು ನಾವು ಯೋಚಿಸುವದುಂಟೋ? ಬಹುಮಾನದ ಪುಸ್ತಕವು ಗೂಡಿನಲ್ಲಿ ಉಳಿಯುತ್ತದೆ. ಬರೆದ ಮಾತು ಮರೆತುಹೋಗುತ್ತದೆ. ಕಲಬುರಗಿಯ ರೋಜಾದ ಓಣಿಗಳಲ್ಲಾಗಲಿ, ಕಮಲಾಪುರದ ಸುತ್ತಣ ಹಳ್ಳಿಗಳಲ್ಲಾಗಲಿ ಇರುವ ನಮ್ಮ ಯೌವನಸ್ಥರು ಸಭೆಯ ಚರಿತ್ರೆಯನ್ನು ಕುರಿತು ಬರೆಯಲು ಕೂತಾಗ ದೂರದೇಶದ ಹೆಸರುಗಳನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ನಮ್ಮ ನಾಡಿನಲ್ಲಿಯೇ ಹುಟ್ಟಿ, ವಿದ್ಯಾರ್ಥಿದೆಶೆಯಲ್ಲಿ ಬರೆದ ಒಂದು ಪ್ರಬಂಧದ ಮಾತಿಗೆ ಜೀವಮಾನವೆಲ್ಲಾ ಕಟ್ಟುಬಿದ್ದ ಒಬ್ಬರಿದ್ದರು. ಅವರ ಚರಿತ್ರೆಯನ್ನು ಈ ತಿಂಗಳು ಸಂಕ್ಷೇಪವಾಗಿ ಹೇಳುತ್ತೇವೆ.

ಬಾಬಾ ಪದ್ಮನಜಿಯವರು 1831ರಲ್ಲಿ ಬೆಳಗಾವಿಯಲ್ಲಿ ಕಾಸಾರ ಕುಲದಲ್ಲಿ ಜನಿಸಿದರು. ಬೆಳಗಾವಿಯು ನಮ್ಮ ಕಲಬುರಗಿಯಂತೆಯೇ ಹಲವು ಭಾಷೆಗಳು ಕಿವಿಗೆ ಬೀಳುವ ಊರು. ಮನೆಮಾತು ಒಂದು, ಪೇಟೆಯ ಮಾತು ಮತ್ತೊಂದು, ಕಚೇರಿಯ ಮಾತು ಇನ್ನೊಂದು. 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಅಯ್ಯನವರು ಅಲ್ಲಿಗೆ ಬಂದು ಸೇವೆಯನ್ನು ಆರಂಭಿಸಿದ್ದರು. ಆ ಮಿಶನ್ನಿನ ಶಾಲೆಯಲ್ಲಿ ಹುಡುಗನು ಇಂಗ್ಲಿಷನ್ನೂ ಸತ್ಯವೇದವನ್ನೂ ಓದಿದನು. ಓದಿದ್ದು ಮನಸ್ಸಿನಲ್ಲಿ ಉಳಿಯಿತು. ಆದರೆ ಮನೆಯ ಪೂಜೆಯೂ ವ್ರತನೇಮಗಳೂ ಅಷ್ಟರಿಂದಲೇ ಬಿಟ್ಟುಹೋಗಲಿಲ್ಲ.

ಮುಂದೆ ಅವರು ಮುಂಬಯಿಗೆ ಹೋಗಿ ಸ್ಕಾಟ್ಲೆಂಡಿನ ಫ್ರೀ ಚರ್ಚಿನವರ ವಿದ್ಯಾಶಾಲೆಯನ್ನು ಸೇರಿದರು. ಈ ಸಭೆಯ ಹುಟ್ಟನ್ನು ನಮ್ಮ ವಾಚಕರು ತಿಳಿದಿರುವದು ಒಳ್ಳೇದು. ಪ್ರೆಸ್ಬಿಟೀರಿಯನ್ ಸಭೆಯೆಂದರೆ ಹಿರಿಯರ ಮೂಲಕ ನಡಿಸಲ್ಪಡುವ ಸಭೆ. ಅದರಲ್ಲಿ ಬಿಷಪರಿಲ್ಲ; ಬೋಧಕರೂ ಸಭೆಯವರು ಆರಿಸಿದ ಹಿರಿಯರೂ ಕೂಡಿ ಕುಳಿತು ಆಲೋಚಿಸುತ್ತಾರೆ. ಆದರೆ ಸ್ಕಾಟ್ಲೆಂಡಿನಲ್ಲಿ ಜಮೀನುದಾರರಿಗೆ ಒಂದು ಹಕ್ಕು ಇತ್ತು: ಸಭೆಯವರು ಬೇಡವೆಂದರೂ ತಮಗೆ ಬೇಕಾದವನನ್ನು ಬೋಧಕನಾಗಿ ನೇಮಿಸಬಹುದಾಗಿತ್ತು. ಸರಕಾರದ ನ್ಯಾಯಸ್ಥಾನಗಳೂ ಅದನ್ನೇ ಎತ್ತಿಹಿಡಿದವು. ಇದನ್ನು ಒಪ್ಪದೆ 1843ನೇ ಮೇ 18ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಅನೇಕ ಬೋಧಕರು ಮಹಾಸಭೆಯಿಂದ ಎದ್ದು ಹೊರಟರು. ಸಂಬಳ, ಮನೆ, ದೇವಾಲಯ ಎಲ್ಲವನ್ನೂ ಬಿಟ್ಟುಕೊಟ್ಟವರ ಸಂಖ್ಯೆ ನಾನೂರಕ್ಕೂ ಮೀರಿತ್ತು. ಮುಂಬಯಿಯಲ್ಲಿದ್ದ ಜಾನ್ ವಿಲ್ಸನ್ ಮುಂತಾದ ಮಿಶನೆರಿಗಳೂ ಅವರ ಪಕ್ಷವನ್ನು ಹಿಡಿದು, ತಮ್ಮ ಶಾಲೆಯ ಕಟ್ಟಡವನ್ನು ಬಿಟ್ಟು ಹೊಸದಾಗಿ ಆರಂಭಿಸಿದರು. ಆ ಶಾಲೆಯೇ ಮುಂದೆ ವಿಲ್ಸನ್ ಕಾಲೇಜೆಂದು ಹೆಸರಾಯಿತು. ನಂಬಿದ್ದಕ್ಕಾಗಿ ನಷ್ಟಪಟ್ಟ ಗುರುಗಳ ಕೈಕೆಳಗೆ ಬಾಬಾರವರು ಕಲಿತರೆಂಬದನ್ನು ನಾವು ಮರೆಯಬಾರದು.

ಆ ಕಾಲದಲ್ಲಿ ಪ್ರಬಂಧ ಬರೆಯುವದು ಮುಂಬಯಿಯ ವಿದ್ಯಾರ್ಥಿಗಳಲ್ಲಿ ದೊಡ್ಡ ಉತ್ಸಾಹವಾಗಿತ್ತು. 1848ರಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಒಂದು ಸಂಘವು ಕೂಟಗಳಲ್ಲಿ ಪ್ರಬಂಧಗಳನ್ನು ಓದಿಸಿ, ಮರುವರುಷವೇ ಹೆಣ್ಣುಮಕ್ಕಳ ಶಾಲೆಗಳನ್ನೂ ತೆರೆಯಿತು. ಪುಣೆಯಲ್ಲಿ ಜೋತಿಬಾ ಫುಲೆಯವರು 1848ರಲ್ಲಿಯೇ ಅಂಥ ಶಾಲೆಯನ್ನು ಇಟ್ಟಿದ್ದರು. ಇಂಥ ವೇಳೆಯಲ್ಲಿ, 1852ರಲ್ಲಿ, ಇಪ್ಪತ್ತೊಂದು ವಯಸ್ಸಿನ ಬಾಬಾರವರು ಸ್ತ್ರೀಯರ ವಿದ್ಯಾಭ್ಯಾಸವನ್ನು ಕುರಿತು ಮರಾಠಿಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು.

ಹೊಗಳಿಕೆಯನ್ನು ಪಡೆದು ಅಷ್ಟಕ್ಕೇ ನಿಲ್ಲುವದು ಸುಲಭವಾಗಿತ್ತು. ಹಾಗೆ ನಿಂತವರು ಅನೇಕರಿದ್ದರು. ಆಗ ಮುಂಬಯಿಯಲ್ಲಿ ಪರಮಹಂಸ ಮಂಡಳಿಯೆಂಬ ಗುಪ್ತ ಕೂಟವಿತ್ತು. ಜಾತಿಭೇದವು ಸುಳ್ಳೆಂದು ನಂಬಿದ ಓದುಬರಹ ಬಲ್ಲವರು ಅಲ್ಲಿ ಸೇರಿ, ಅನ್ಯರ ಕೈಯ ರೊಟ್ಟಿಯನ್ನು ತಿಂದು, ಒಂದೇ ಪಾತ್ರೆಯಿಂದ ನೀರು ಕುಡಿಯುತ್ತಿದ್ದರು. ಬಾಗಲು ತೆರೆದು ಹೊರಗೆ ಬಂದರೆ ಪುನಃ ಜಾತಿಯವರೇ. ಬಾಬಾರವರೂ ಆ ಮಂಡಳಿಯ ಸದಸ್ಯರಾಗಿದ್ದರು. ಒಳಗೊಂದು ಹೊರಗೊಂದು ನಡೆಯುವದು ಎಷ್ಟು ಕಾಲ ಸಾಗೀತು? ಆ ಮಂಡಳಿಯು 1860ರ ಸುಮಾರಿಗೆ, ಸದಸ್ಯರ ಗುಟ್ಟು ಬಯಲಾದಾಗ, ಚದರಿಹೋಯಿತು. ಬಾಬಾರವರಾದರೋ ಅದಕ್ಕೆ ಮುಂಚೆಯೇ ತಮ್ಮ ಗುಟ್ಟನ್ನು ತಾವೇ ಬಯಲು ಮಾಡಿದ್ದರು. 1854ರಲ್ಲಿ ಅವರು ದೀಕ್ಷಾಸ್ನಾನ ಹೊಂದಿದರು. ಅದೂ ಯಾರೂ ಗುರುತಿಸದ ಮುಂಬಯಿಯಲ್ಲಲ್ಲ, ಬಂಧುಬಳಗವೆಲ್ಲಾ ಇದ್ದ ಬೆಳಗಾವಿಯಲ್ಲಿಯೇ. ಜಾತಿ ಬಿಟ್ಟವನ ಆಸ್ತಿಯ ಹಕ್ಕು ಹೋಗಬಾರದೆಂದು 1850ರಲ್ಲಿ ಕಾಯಿದೆಯಾಗಿತ್ತು. ಆದರೆ ಮನೆಯವರ ಕಣ್ಣೀರಿಗೆ ಯಾವ ಕಾಯಿದೆಯೂ ಇಲ್ಲ.

ಅವರ ಪ್ರಬಂಧವು ಅಲ್ಲಿಗೆ ಮುಗಿಯಲಿಲ್ಲ. ವಿಧವೆಯರ ಪುನರ್ವಿವಾಹದ ಕಾಯಿದೆಯು 1856ರಲ್ಲಿ ಆಯಿತು. ಕಾಗದದ ಮೇಲೆ ಅನುಮತಿ ಬಂದಿತು. ಮನೆಗಳಲ್ಲಿ ತಲೆ ಬೋಳಿಸುವದು ನಿಲ್ಲಲಿಲ್ಲ. ಮರುವರುಷ, 1857ರಲ್ಲಿ, ಬಾಬಾರವರು ಯಮುನಾ ಪರ್ಯಟನವೆಂಬ ಕಥೆಯನ್ನು ಬರೆದರು. ಯಮುನೆಯೆಂಬ ತರುಣಿಯು ಗಂಡನ ಸಂಗಡ ಊರೂರು ತಿರುಗಿ ವಿಧವೆಯರ ಕಷ್ಟಗಳನ್ನು ಕಾಣುತ್ತಾಳೆ. ಕಡೆಗೆ ತಾನೇ ಗಂಡನನ್ನು ಕಳಕೊಂಡು ಅದೇ ಕಷ್ಟಕ್ಕೆ ಗುರಿಯಾಗುತ್ತಾಳೆ. ಆ ಮೇಲೆ ಕ್ರೈಸ್ತಳಾಗಿ ಪುನಃ ವಿವಾಹವಾಗುತ್ತಾಳೆ. ಮರಾಠಿಯ ಮೊದಲನೆಯ ಕಾದಂಬರಿಯೆಂದು ಅನೇಕ ವಿದ್ವಾಂಸರು ಇದನ್ನು ಎಣಿಸುತ್ತಾರೆ. ವಿದ್ಯಾರ್ಥಿಯು ವಾದಿಸಿ ಬರೆದದ್ದನ್ನು ಐದು ವರುಷಗಳ ಮೇಲೆ ಅದೇ ಕೈ ಹೆಂಗಸರಿಗೂ ತಿಳಿಯುವಂಥ ಕಥೆಯಾಗಿ ಬರೆಯಿತು.

1863ರಲ್ಲಿ ಅವರು ಮೋಲ್ಸ್‌ವರ್ತ್‌ರವರ ದೊಡ್ಡ ಮರಾಠಿ ನಿಘಂಟನ್ನು ಸಂಕ್ಷೇಪಿಸಿ, ಬಡ ವಿದ್ಯಾರ್ಥಿಯೂ ಕೊಳ್ಳುವಂತೆ ಮಾಡಿದರು. 1867ರಲ್ಲಿ ಪುಣೆಯ ಫ್ರೀ ಚರ್ಚ್ ಸಭೆಗೆ ಬೋಧಕರಾಗಿ ಅಭಿಷೇಕ ಹೊಂದಿ 1873ರ ವರೆಗೆ ಆ ಮಂದೆಯನ್ನು ಮೇಯಿಸಿದರು. ತರುವಾಯ ಬರವಣಿಗೆಯೇ ಅವರ ಸೇವೆಯಾಯಿತು. ಹೊಸ ಒಡಂಬಡಿಕೆಗೆ ಮರಾಠಿಯಲ್ಲಿ ವ್ಯಾಖ್ಯಾನವನ್ನೂ, ಅರುಣೋದಯವೆಂಬ ಆತ್ಮಚರಿತ್ರೆಯನ್ನೂ ಬರೆದರು. ತಾವು ಬಿಟ್ಟುಬಂದ ಮತವನ್ನು ಖಂಡಿಸುವಾಗ ಅವರ ಲೇಖಣಿ ಕೆಲವು ಸಾರಿ ಬಹಳ ಕಠಿಣವಾಯಿತೆಂಬದನ್ನು ನಾವು ಮುಚ್ಚಿಡುವದಿಲ್ಲ. 1906ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಎರಡು ವರುಷಗಳ ಮುಂಚೆ, 1904ರಲ್ಲಿ, ಅವರು ಬಾಲ್ಯದಲ್ಲಿ ಕಲಿತ ಬೆಳಗಾವಿಯ ಮಿಶನ್ನು ಮೆಥೊಡಿಸ್ಟ್ ಸಭೆಯವರ ಕೈ ಸೇರಿತ್ತು. ನಮ್ಮ ಕಲಬುರಗಿಯ ಸೀಮೆಯಲ್ಲಿಯೂ ಸೇವೆ ಮಾಡಿದ ಸಭೆಯೇ ಅದು.

ಆದಕಾರಣ ಪ್ರಬಂಧ ಬರೆಯುವ ತಮ್ಮಂದಿರಿಗೂ ತಂಗಿಯರಿಗೂ ನಮ್ಮ ಬಿನ್ನಹವಿಷ್ಟೇ. ಬಹುಮಾನ ಬಂದರೆ ಸಂತೋಷಪಡಿರಿ; ಬಾರದಿದ್ದರೆ ಕುಂದಬೇಡಿರಿ. ಆದರೆ ಬರೆದ ಕಾಗದವನ್ನು ಮನೆಗೆ ತಂದು, ಇದರಲ್ಲಿ ಯಾವ ಸಾಲನ್ನು ನಾನು ನಡೆಸಬಲ್ಲೆನೆಂದು ಒಮ್ಮೆ ಓದಿಕೊಳ್ಳಿರಿ. ಸಭೆಯ ಹಿರಿಯರೂ ಬಹುಮಾನವನ್ನು ಕೊಟ್ಟು ಮನೆಗೆ ಹೋಗುವದು ಸಾಲದು. ಹೆಣ್ಣುಮಕ್ಕಳ ವಿದ್ಯೆಯನ್ನು ಕುರಿತು ಅಣ್ಣನು ಚೆನ್ನಾಗಿ ಬರೆದು ಬಹುಮಾನ ತಂದ ದಿನ, ಅವನ ತಂಗಿಯು ಶಾಲೆ ಬಿಟ್ಟು ತೊಗರಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದರೆ, ಆ ಪ್ರಬಂಧವು ಇನ್ನೂ ಅರ್ಧವೇ ಬರೆಯಲ್ಪಟ್ಟಿದೆ. ಉಳಿದ ಅರ್ಧವನ್ನು ಆ ಮನೆಯೂ ನಾವೂ ಕೂಡಿ ಬರೆಯಬೇಕು.