ಮೆದುಳಿನ ಜಾಲ ಬಿಡಿಸಿದ ಕಹಾಲ್

ಶಹಾಬಾದಿನಿಂದ ಚಿಂಚೋಳಿಗೆ ಹೊರಟ ಪ್ರಯಾಣಿಕ ವಾಡಿ, ಚಿತ್ತಾಪುರಗಳನ್ನು ಹಾಯ್ದು ಸೇಡಂವರೆಗೆ ರೈಲು ಮಾರ್ಗದಲ್ಲೇ ಹೋಗಬಹುದು. ಅಲ್ಲಿಂದ ಚಿಂಚೋಳಿಗೆ ಹಳಿ ಇಲ್ಲ. ಇಳಿದು ಬಸ್ಸು ಹತ್ತಬೇಕು. ನಮ್ಮ ಮೆದುಳಿನೊಳಗೆ ಸುದ್ದಿ ಸಾಗುವ ದಾರಿಯೂ ಹೀಗೆ ನಡುನಡುವೆ ಕಡಿದಿದೆಯೋ ಅಥವಾ ಅದು ಒಂದೇ ಅಖಂಡ ಹಳಿಯೋ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ವಿಜ್ಞಾನಿಗಳನ್ನು ಎರಡು ಪಾಳೆಯವಾಗಿಸಿದ ಪ್ರಶ್ನೆಯಿದು. ಅದಕ್ಕೆ ಉತ್ತರ ಕಂಡವರು ಸ್ಪೇನ್ ದೇಶದ ಸಾಂತಿಯಾಗೊ ರಾಮೋನ್ ಇ ಕಹಾಲ್.

1852ರ ಮೇ 1ರಂದು ಪೆಟೀಲಾ ದೆ ಅರಗೋನ್ ಎಂಬ ಹಳ್ಳಿಯಲ್ಲಿ ಜನಿಸಿದ ಕಹಾಲ್ ಅವರಿಗೆ ಬಾಲ್ಯದಲ್ಲಿದ್ದ ಗೀಳು ಚಿತ್ರ ಬರೆಯುವುದು. ಶಸ್ತ್ರವೈದ್ಯರಾಗಿದ್ದ ತಂದೆಗೆ ಅದು ಹೊಟ್ಟೆ ತುಂಬಿಸದ ವಿದ್ಯೆ. ಮಗನನ್ನು ದಾರಿಗೆ ತರಲು ಕ್ಷೌರದಂಗಡಿಗೆ, ಪಾದರಕ್ಷೆ ಹೊಲಿಯುವವರ ಬಳಿಗೆ ಕೆಲಸಕ್ಕೆ ಕಳುಹಿಸಿದ್ದೂ ಉಂಟು. ಕೊನೆಗೆ ದಾರಿ ತೋರಿಸಿದ್ದು ಸ್ಮಶಾನ. 1868ರ ಬೇಸಿಗೆಯಲ್ಲಿ ಅಲ್ಲಿಂದ ತಂದ ಮೂಳೆಗಳನ್ನು ಮುಂದಿಟ್ಟುಕೊಂಡು ತಂದೆ ಅಂಗರಚನೆಯ ಪಾಠ ಹೇಳಿದರು. ಮೂಳೆಯ ಚಿತ್ರ ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ತಂದೆಗೆ ಬೇಕಾದ ವೈದ್ಯ ಸಿಕ್ಕ, ಮಗನ ಪೆನ್ಸಿಲೂ ಉಳಿಯಿತು.

1873ರಲ್ಲಿ ವೈದ್ಯ ಪದವಿ ಪಡೆದ ಕಹಾಲ್, ಸೇನಾ ವೈದ್ಯರಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾದಿಂದ ಜರ್ಜರಿತರಾಗಿ ಮರಳಿದರು. 1885ರಲ್ಲಿ ಕಾಲರಾ ಹರಡಿದಾಗ ನಡೆಸಿದ ಅಧ್ಯಯನಕ್ಕೆ ಕೃತಜ್ಞತೆಯಾಗಿ ಸರಗೋಸಾ ಪ್ರಾಂತ್ಯದ ಆಡಳಿತ ಅವರಿಗೆ ಝೈಸ್ ಸೂಕ್ಷ್ಮದರ್ಶಕವನ್ನು ನೀಡಿತು. ಬಡ ಪ್ರಾಧ್ಯಾಪಕನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇರೇನಿದ್ದೀತು?

ಅಷ್ಟರಲ್ಲಾಗಲೇ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ, 1873ರಲ್ಲಿ, ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ನರಕೋಶಗಳಿಗೆ ಬಣ್ಣ ಹಿಡಿಸುವ ವಿಧಾನವನ್ನು ಪ್ರಕಟಿಸಿದ್ದರು. ಕೆಲವೇ ಕೋಶಗಳು ಮಾತ್ರ ಕಪ್ಪಾಗುವುದು ಅದರ ವಿಶೇಷ. ಎಲ್ಲವೂ ಕಪ್ಪಾಗಿದ್ದರೆ ಕಾಡೇ ಕಾಣುತ್ತಿತ್ತು, ಮರ ಕಾಣುತ್ತಿರಲಿಲ್ಲ. ಆದರೆ ಗಾಲ್ಜಿಯವರಿಗೆ ಕಂಡದ್ದು ನರತಂತುಗಳು ಒಂದರೊಳಗೊಂದು ಬೆಸೆದುಕೊಂಡ ಬಲೆ.

1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಈ ವಿಧಾನವನ್ನು ಮೊದಲು ಕಂಡ ಕಹಾಲ್, ಬಣ್ಣದ ಪ್ರಕ್ರಿಯೆಯನ್ನು ಎರಡೆರಡು ಬಾರಿ ನಡೆಸಿ ಅದನ್ನು ತಿದ್ದಿದರು. ಬೆಳೆದ ಮೆದುಳಿನ ಬದಲು, ತಂತುಗಳಿಗೆ ಕೊಬ್ಬಿನ ಹೊದಿಕೆ ಇನ್ನೂ ಬಾರದ ಭ್ರೂಣದ ಮೆದುಳನ್ನು ಆರಿಸಿಕೊಂಡರು. 1888ರಲ್ಲಿ ಬಾರ್ಸಿಲೋನಾದಲ್ಲಿ ಹಕ್ಕಿಯ ಅನುಮಸ್ತಿಷ್ಕವನ್ನು ಪರೀಕ್ಷಿಸಿದಾಗ ಬಲೆ ಕಾಣಲಿಲ್ಲ. ತಂತು ಮತ್ತೊಂದು ಕೋಶದ ಬಳಿ ಬಂದು ಅಲ್ಲಿಯೇ ಕೊನೆಗೊಳ್ಳುತ್ತಿತ್ತು. ಪ್ರತಿ ನರಕೋಶವೂ ಸ್ವತಂತ್ರ. ರೆಂಬೆಗಳಂತಹ ಡೆಂಡ್ರೈಟುಗಳು ಸುದ್ದಿಯನ್ನು ಪಡೆಯುತ್ತವೆ, ಉದ್ದನೆಯ ಆಕ್ಸಾನ್ ಅದನ್ನು ಮುಂದಿನ ಕೋಶದತ್ತ ಒಯ್ಯುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಇದನ್ನು ಅವರು ಪ್ರಕಟಿಸಿದ್ದು ಸ್ವಂತ ಹಣದಿಂದ ಆರಂಭಿಸಿದ ಪತ್ರಿಕೆಯಲ್ಲಿ, ಸ್ಪ್ಯಾನಿಷ್ ಭಾಷೆಯಲ್ಲಿ. ಜರ್ಮನ್, ಫ್ರೆಂಚ್ ಬಲ್ಲ ಪಂಡಿತರು ಅದನ್ನು ಓದಲಿಲ್ಲ. ಕಹಾಲ್ ಗೊಣಗುತ್ತ ಕೂರದೆ, 1889ರಲ್ಲಿ ಸೂಕ್ಷ್ಮದರ್ಶಕವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಬರ್ಲಿನ್‌ನ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋದರು. ಹರಕುಮುರುಕು ಫ್ರೆಂಚಿನಲ್ಲಿ ವಿವರಿಸಿದರು. ಆಗಿನ ಹಿರಿಯ ವಿಜ್ಞಾನಿ ಕೋಲಿಕರ್ ಕಣ್ಣಾರೆ ಕಂಡು ಒಪ್ಪಿದರು. 1891ರಲ್ಲಿ ವಾಲ್‌ಡಯರ್ ಈ ಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು.

1906ರ ನೊಬೆಲ್ ಬಹುಮಾನವನ್ನು ಗಾಲ್ಜಿ ಮತ್ತು ಕಹಾಲ್ ಹಂಚಿಕೊಂಡರು. ವೇದಿಕೆಯಲ್ಲಿಯೇ ಗಾಲ್ಜಿ ತಮ್ಮ ಉಪನ್ಯಾಸವನ್ನು ನ್ಯೂರಾನ್ ಸಿದ್ಧಾಂತದ ಖಂಡನೆಗೆ ಮೀಸಲಿಟ್ಟದ್ದು ವಿಜ್ಞಾನ ಚರಿತ್ರೆಯ ವಿಚಿತ್ರ ಪ್ರಸಂಗ. ತಾನು ಕಂಡುಹಿಡಿದ ಬಣ್ಣವೇ ತನ್ನ ಮತವನ್ನು ಅಳಿಸಿದ ನೋವು ಅವರದು.

1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ವ್ಯಾಜ್ಯವನ್ನು ಬಗೆಹರಿಸಿತು. ಕೋಶಗಳ ನಡುವೆ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಬಿರುಕು ನಿಜವಾಗಿಯೂ ಇತ್ತು. ಅದೇ ಸಿನಾಪ್ಸ್. ವಿದ್ಯುತ್ತಾಗಿ ಬಂದ ಸುದ್ದಿ ಹೆಚ್ಚಿನ ಕಡೆ ಅಲ್ಲಿ ರಾಸಾಯನಿಕವಾಗಿ ದಾಟುತ್ತದೆ, ಸೇಡಂನಲ್ಲಿ ರೈಲಿಳಿದು ಬಸ್ಸು ಹತ್ತಿದಂತೆ. ಕೆಲವೆಡೆ ಕೋಶಗಳು ನೇರವಾಗಿ ಕೂಡಿಕೊಂಡಿರುವುದೂ ನಂತರ ತಿಳಿಯಿತು. ಅಷ್ಟರ ಮಟ್ಟಿಗೆ ಗಾಲ್ಜಿಯವರ ಮಾತು ಪೂರ್ಣ ಸುಳ್ಳಲ್ಲ. ಸುಮಾರು 1.4 ಕಿಲೋ ತೂಗುವ ಮಾನವ ಮೆದುಳಿನಲ್ಲಿ 8,600 ಕೋಟಿ ನ್ಯೂರಾನುಗಳಿವೆ ಎಂಬ ಅಂದಾಜು ಬಂದದ್ದು 2009ರಲ್ಲಿ. ಅವುಗಳಲ್ಲಿ ಬಹುಪಾಲು ಇರುವುದು ಕಹಾಲ್ ಮೊದಲು ಇಣುಕಿದ ಅನುಮಸ್ತಿಷ್ಕದಲ್ಲಿಯೇ.

ಬಿರುಕಿನ ಪ್ರತ್ಯಕ್ಷ ಸಾಕ್ಷ್ಯವನ್ನು ಕಾಣಲು ಇಬ್ಬರೂ ಉಳಿದಿರಲಿಲ್ಲ. ಗಾಲ್ಜಿ 1926ರಲ್ಲಿ ತೀರಿಕೊಂಡಿದ್ದರು. ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು. ತಂದೆ ಬೇಡವೆಂದಿದ್ದ ಕೈಯಿಂದ ಮೂಡಿದ ಸಾವಿರಾರು ಚಿತ್ರಗಳನ್ನು ಅವರು ಬಿಟ್ಟುಹೋದರು.