ಲಿಯೋ ಫೆಂಡರ್ ಮತ್ತು ಆತನ ಬೇಸ್ ಗಿಟಾರು

ವಾದ್ಯವೊಂದನ್ನು ಕೊಳ್ಳಹೊರಟವರು ಅದರ ಬೆಲೆಯನ್ನು ವಿಚಾರಿಸುತ್ತಾರೆ, ನಾದವನ್ನು ಕೇಳುತ್ತಾರೆ. ಅದನ್ನು ಮೊದಲು ಮಾಡಿದವನು ಯಾರೆಂದು ಕೇಳುವವರು ವಿರಳ. ನಮ್ಮ ಕಾಲೇಜಿನ ಸಂಗೀತ ಸಂಘಕ್ಕೆ ಒಂದು ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಆರಿಸಿ ತರುವ ಭಾರ ಈ ವರ್ಷ ನನ್ನ ಮೇಲೆ ಬಿದ್ದಿತು. ಹಣವಾದರೋ ವಿದ್ಯಾರ್ಥಿಗಳಿಂದ ಚಂದಾ ಎತ್ತಿದ್ದು. ಇದು ಸರಿಹೋಗದಿದ್ದರೆ ಇನ್ನೊಂದನ್ನು ಕೊಳ್ಳೋಣವೆಂಬ ಮಾತೇ ಇಲ್ಲ. ಅಂಗಡಿಗಳಲ್ಲಿ ಹಳೆಯ ಮಾದರಿಯದೆಂದು ತೋರಿಸಿದ ಬೇಸ್ ಗಿಟಾರುಗಳು, ಹೆಸರು ಯಾವುದೇ ಇರಲಿ, ಬಹುಮಟ್ಟಿಗೆ ಎರಡೇ ಅಚ್ಚಿನವಾಗಿದ್ದವು. ಎರಡೂ ಅಚ್ಚುಗಳು ಒಂದೇ ಕಾರ್ಖಾನೆಯಲ್ಲಿ, ಒಬ್ಬನೇ ಯಜಮಾನನ ಕೈಕೆಳಗೆ ಹುಟ್ಟಿದವೆಂದು ತಿಳಿದ ಮೇಲೆ ಆತನ ಚರಿತ್ರೆಯನ್ನು ಹುಡುಕಿ ಓದಿದೆನು. ಆತನಿಗೆ ಗಿಟಾರು ನುಡಿಸುವುದಿರಲಿ, ಶ್ರುತಿ ಮಾಡುವುದಕ್ಕೂ ಬರುತ್ತಿರಲಿಲ್ಲ!

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರನು 1909ನೆಯ ಇಸವಿ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಜನಿಸಿದನು. ತಂದೆತಾಯಿಗಳಿಗೆ ಅನಾಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವೆ ಕಿತ್ತಲೆಯ ತೋಟವಿತ್ತು. ಮಗು ಹುಟ್ಟಿದ್ದು ಆ ತೋಟದ ಕೊಟ್ಟಿಗೆಯಲ್ಲಿ. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯೊಂದು ಬೆಳೆದು ಎಡಗಣ್ಣು ಹೋಯಿತು. ಜೀವಮಾನವೆಲ್ಲ ಆತ ಗಾಜಿನ ಕಣ್ಣನ್ನಿಟ್ಟುಕೊಂಡೇ ಕಳೆದನು. ಹದಿಮೂರು ಹದಿನಾಲ್ಕರ ಹುಡುಗನಾಗಿದ್ದಾಗ ಬಂಧುವೊಬ್ಬನು ಹಳೆಯ ರೇಡಿಯೋ ಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದ್ದನು. ಅಂದಿನಿಂದ ರೇಡಿಯೋಗಳನ್ನು ಬಿಚ್ಚುವುದು, ಕೂಡಿಸುವುದು, ಇದೇ ಆತನ ಆಟವಾಯಿತು. ಆದರೆ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರದ ವಿದ್ಯೆ. ಸಂಗೀತವೆಂದರೆ ಬಾಲ್ಯದಲ್ಲಿ ಕಲಿತ ಸ್ವಲ್ಪ ಪಿಯಾನೊ, ಸ್ವಲ್ಪ ಸ್ಯಾಕ್ಸೊಫೋನು, ಅಷ್ಟೆ.

ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಲೆಕ್ಕದ ಗುಮಾಸ್ತಗಿರಿ ಕೈತಪ್ಪಿತು. ಆಗ 600 ಡಾಲರ್ ಸಾಲ ಮಾಡಿ 1938ರಲ್ಲಿ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯನ್ನು ತೆರೆದನು. ಈ ಅಂಗಡಿಯೇ ಮುಂದಿನದಕ್ಕೆಲ್ಲ ಬೀಜ. ಧ್ವನಿವರ್ಧಕಗಳು ಕೆಟ್ಟವೆಂದು ಊರೂರಿನ ವಾದ್ಯಗಾರರು ಅಲ್ಲಿಗೆ ಬರುತ್ತಿದ್ದರು. ಫೆಂಡರನು ಅವರ ಯಂತ್ರವನ್ನು ಸರಿಮಾಡುತ್ತ ಅವರ ಗೋಳನ್ನೂ ಕೇಳಿಕೊಳ್ಳುತ್ತಿದ್ದನು. 1945ರಲ್ಲಿ ಡಾಕ್ ಕಾಫ್‌ಮನ್ ಎಂಬ ಸಂಗೀತಗಾರನೊಡನೆ ಕೂಡಿ ವಾದ್ಯಗಳನ್ನು ಮಾಡತೊಡಗಿದನು. ಮರುವರ್ಷವೇ ಪಾಲುದಾರನು ಹಿಂದೆಗೆದುದರಿಂದ ಒಬ್ಬನೇ ಮುಂದುವರಿದನು. ಟೊಳ್ಳಿಲ್ಲದ ಮರದ ಹಲಗೆಯಿಂದ ಆತ ಮಾಡಿದ ಎಲೆಕ್ಟ್ರಿಕ್ ಗಿಟಾರು 1950ರಲ್ಲಿ ಮಾರುಕಟ್ಟೆಗೆ ಬಂದಿತು.

ಇಲ್ಲಿ ಬೇಸ್ ವಾದ್ಯಗಾರನ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ಆಗಿನ ಮೇಳಗಳಲ್ಲಿ ಮಂದ್ರಸ್ವರಕ್ಕೆ ಡಬಲ್ ಬೇಸ್ ಇತ್ತು. ಅದು ಆಳೆತ್ತರದ, ನಿಂತು ನುಡಿಸುವ ಭಾರಿ ಪಿಟೀಲು. ಸಾಗಿಸುವುದು ಪ್ರಯಾಸ. ಗಿಟಾರುಗಳು ವಿದ್ಯುತ್ತಿನಿಂದ ಗರ್ಜಿಸತೊಡಗಿದ ಮೇಲೆ ಅದರ ದನಿ ಕೇಳಿಸದೆ ಹೋಯಿತು. ಮೇಲಾಗಿ ಪಿಟೀಲಿನಂತೆ ಅದಕ್ಕೂ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಅಪಶ್ರುತಿ. ಗಿಟಾರು ಬಲ್ಲವನಿಗೆ ಅದು ಸುಲಭವಾಗಿ ಒಗ್ಗುತ್ತಿರಲಿಲ್ಲ. 1951ರಲ್ಲಿ ಫೆಂಡರನು ಹೆಗಲಿಗೆ ತೂಗುಹಾಕಿಕೊಳ್ಳುವ ನಾಲ್ಕು ತಂತಿಯ ಬೇಸ್ ಗಿಟಾರನ್ನು ಮಾಡಿ, ವೀಣೆಗಿರುವಂತೆ ಅದರ ದಂಡಿಗೆ 20 ಮೆಟ್ಟಿಲುಗಳನ್ನು ಕೂರಿಸಿದನು. ಸ್ವರವು ನಿಖರವಾಗಿ ನಿಲ್ಲುವುದೆಂದು ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಾಯಿತು. ತಂತಿಯ ನುಡಿಯುವ ಉದ್ದ 34 ಅಂಗುಲ. ಗಿಡ್ಡದಾದರೆ ದಪ್ಪ ತಂತಿ ಸಡಿಲವಾಗಿ ನಾದ ಮಂಕಾಗುತ್ತದೆ, ಉದ್ದವಾದರೆ ಬೆರಳಿಗೆ ಎಟುಕುವುದಿಲ್ಲ. ಆತ ಕಂಡುಕೊಂಡ ಈ ಅಳತೆಯೇ ಇಂದಿಗೂ ರೂಢಿಯಲ್ಲಿದೆ. ದಂಡಿಯನ್ನು ಅಂಟಿನಿಂದ ಬೆಸೆಯದೆ ನಾಲ್ಕು ತಿರುಪುಗಳಿಂದ ಬಿಗಿದದ್ದು ರಿಪೇರಿ ಅಂಗಡಿಯವನ ಬುದ್ಧಿಯೇ ಸರಿ. ಕೆಟ್ಟುಹೋದ ಭಾಗವನ್ನು ಬಿಚ್ಚಿ ಬದಲಾಯಿಸಬಹುದು.

ನ್ಯಾಯವಾಗಿ ಹೇಳುವುದಾದರೆ ಇಂಥದೊಂದನ್ನು ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ ಎಂಬಾತನು 1930ರ ದಶಕದಲ್ಲಿಯೇ ಮಾಡಿದ್ದನು. ಅದು ಪ್ರಚಾರಕ್ಕೆ ಬರಲಿಲ್ಲ. ಫೆಂಡರನದು ಬಂದಿತು.

ಆತನು ಮಾಡಿದ್ದನ್ನು ತಿದ್ದದೆ ಬಿಡುತ್ತಿರಲಿಲ್ಲ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವುದು ಪಿಕಪ್, ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ. ಸುರುಳಿ ಒಂದೇ ಆದರೆ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. 1957ರಲ್ಲಿ ಪ್ರಿಸಿಷನ್ನಿನ ಪಿಕಪ್ಪನ್ನು ಎರಡು ತುಂಡುಮಾಡಿ, ಎರಡೆರಡು ತಂತಿಗೆ ಒಂದರಂತೆ ಇಟ್ಟು, ಒಂದರ ಗದ್ದಲವನ್ನು ಇನ್ನೊಂದು ಅಳಿಸುವಂತೆ ಜೋಡಿಸಲಾಯಿತು. 1960ರಲ್ಲಿ ಜಾಝ್ ಬೇಸ್ ಬಂದಿತು. ಇದರಲ್ಲಿ ಎರಡು ಪಿಕಪ್ಪುಗಳು, ದಂಡಿಯೂ ಸಪೂರ. ಬಿರಡೆಗಳ ಬಳಿ ಪ್ರಿಸಿಷನ್ ಒಂದೂಮುಕ್ಕಾಲು ಅಂಗುಲವಾದರೆ ಇದು ಒಂದೂವರೆ.

ನನ್ನ ಮುಂದಿದ್ದ ಎರಡು ಅಚ್ಚುಗಳು ಇವೇ. ಜಾಝ್ ಮಾದರಿಯು ಸಣ್ಣ ಕೈಗೆ ಹಿತ, ನಾದದಲ್ಲಿ ಬೆಡಗು ಹೆಚ್ಚು. ಆದರೆ ಒಂದೇ ಪಿಕಪ್ಪನ್ನು ತೆರೆದರೆ ಗುಂಯ್‌ಗುಟ್ಟುತ್ತದೆ, ನಮ್ಮ ಸಭಾಭವನದ ವಿದ್ಯುದ್ದೀಪಗಳ ಕೆಳಗಂತೂ ಹೇಳುವುದೇ ಬೇಡ. ಪ್ರಿಸಿಷನ್ನಿನ ನಾದ ಒಂದೇ ಬಗೆಯದು. ಆದರೂ ಹಾಡುಗಾರನ ದನಿಯ ಕೆಳಗೆ ನೆಲಗಟ್ಟಿನಂತೆ ನಿಲ್ಲುತ್ತದೆ. ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್‌ಸನ್ನನು 1962ರ ಪ್ರಿಸಿಷನ್ ಒಂದನ್ನು ಹಿಡಿದು, ಒಂದೇ ಬೆರಳಿನಿಂದ ಮೀಟಿ, ಮೋಟೌನ್ ಕಂಪನಿಯ ಅದೆಷ್ಟೋ ಹಾಡುಗಳಿಗೆ ಬೇಸ್ ನುಡಿಸಿದನು. ಅತ್ತ ಜಾಕೊ ಪಾಸ್ಟೋರಿಯಸ್ಸನು ತನ್ನ ಜಾಝ್ ಬೇಸಿನ ಮೆಟ್ಟಿಲುಗಳನ್ನೇ ಕಿತ್ತು ನುಡಿಸಿದನಂತೆ. ಫೆಂಡರನ ಶ್ರಮವನ್ನೆಲ್ಲ ಅಳಿಸಿ ಹೆಸರು ಪಡೆದವನು! ನಾನು ಪ್ರಿಸಿಷನ್ ಮಾದರಿಯದನ್ನು ಆರಿಸಿದೆನು. ನಮ್ಮ ಸಂಘದಲ್ಲಿ ಹಾಡುವವರೇ ಹೆಚ್ಚು, ನುಡಿಸುವವರು ವರ್ಷವರ್ಷಕ್ಕೂ ಬದಲಾಗುತ್ತಾರೆ. ಅರ್ಧ ಗಂಟೆ ಹೆಗಲಿಗೆ ಹಾಕಿಕೊಂಡು ಭಾರ ನೋಡಿದೆ. ದಂಡಿ ನೆಟ್ಟಗಿದೆಯೇ ಎಂದು ಕಣ್ಣಳತೆಯಲ್ಲಿ ಪರೀಕ್ಷಿಸಿದೆ. 12ನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಬಿಟ್ಟ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಬರುತ್ತದೆಯೇ ಎಂದು ಕೇಳಿದೆ. ತಲೆಯ ಮೇಲೆ ಫೆಂಡರನ ಹೆಸರಿಲ್ಲ. ಹೆಸರಿರುವುದಕ್ಕೆ ನಮ್ಮ ಚಂದಾ ಸಾಲುತ್ತಿರಲಿಲ್ಲ.

ಕೆಲವು ಸ್ನೇಹಿತರಿಗೆ ಇದು ಸಮ್ಮತವಾಗಲಿಲ್ಲ. ಹೆಸರಿನ ವಿಷಯದಲ್ಲಿ ಫೆಂಡರನಿಗಾದುದನ್ನು ಅವರು ಕೇಳಬೇಕು. ಅನಾರೋಗ್ಯದಿಂದ ಬಳಲಿ, ಇನ್ನು ಹೆಚ್ಚು ಕಾಲ ದುಡಿಯಲಾರೆನೆಂದು ನಂಬಿ, ಆತನು 1965ರ ಜನವರಿಯಲ್ಲಿ ಕಂಪನಿಯನ್ನು ಕೊಲಂಬಿಯಾ ಬ್ರಾಡ್‌ಕಾಸ್ಟಿಂಗ್ ಸಂಸ್ಥೆಗೆ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೆ ಮಾರಿದನು. ಕಂಪನಿಯ ಜೊತೆಗೆ ಹೆಸರೂ ಹೋಯಿತು. ಹತ್ತು ವರ್ಷ ಪ್ರತಿಸ್ಪರ್ಧೆ ಮಾಡಬಾರದೆಂಬ ಕರಾರೂ ಇತ್ತು. ಕಾಯಿಲೆ ವಾಸಿಯಾಯಿತು, ಕೈ ಸುಮ್ಮನಿರದಾಯಿತು; ಆದರೆ ತಾನು ಮಾಡಿದ ಗಿಟಾರಿಗೆ ತನ್ನ ಹೆಸರನ್ನಿಡುವ ಹಕ್ಕು ಮಾತ್ರ ಇಲ್ಲ! 1976ರಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಹೆಸರಿನಲ್ಲಿ ಸ್ಟಿಂಗ್‌ರೇ ಬೇಸ್ ಹೊರಬಂದಿತು; ಒಡಲಿನೊಳಗೆ ಬ್ಯಾಟರಿಯಿಟ್ಟು ನಾದವನ್ನು ಬಲಪಡಿಸುವ ಉಪಾಯ ಅದರಲ್ಲಿತ್ತು. ಆಮೇಲೆ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ನನೊಡನೆ ಸೇರಿ ಜಿ ಅಂಡ್ ಎಲ್ ಕಂಪನಿಯನ್ನು ಕಟ್ಟಿದನು. ಜಾರ್ಜ್ ಮತ್ತು ಲಿಯೋ, ಇಬ್ಬರ ಮೊದಲಕ್ಷರಗಳು. ಪೂರ್ಣ ಹೆಸರು ಸಲ್ಲದಿದ್ದವನಿಗೆ ಒಂದಕ್ಷರವಾದರೂ ದಕ್ಕಿತು.

ವೃದ್ಧಾಪ್ಯದಲ್ಲಿ ಪಾರ್ಕಿನ್‌ಸನ್ ರೋಗವು ಅಡರಿತು. ಕೈ ನಡುಗುತ್ತಿದ್ದರೂ ದಿನವೂ ತನ್ನ ಕೆಲಸದ ಮೇಜಿಗೆ ಬರುತ್ತಿದ್ದ ಆತನು 1991ನೆಯ ಮಾರ್ಚ್ 21ರಂದು ಫುಲ್ಲರ್ಟನ್ನಿನಲ್ಲಿಯೇ ತೀರಿಕೊಂಡನು.