ಶಿಷ್ಯನಾಗಿಯೇ ಉಳಿದ ಪಂಜೆ ಮಾಸ್ಟ್ರು

ಸಪ್ಟೆಂಬರ್ 5 ಬಂತೆಂದರೆ ಸಾಕು, ಜಿಲ್ಲೆಯ ಸಭಾಭವನಗಳಲ್ಲಿ ಶಾಲುಗಳಿಗೆ ಬಿಡುವಿಲ್ಲ. ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ, ಅರ್ಧ ಡಜನ್ ಭಾಷಣ. ಗುರುವನ್ನು ದೇವರ ಮಟ್ಟಕ್ಕೆ ಏರಿಸಿ ಮತ್ತೆ ನೆಲಕ್ಕೆ ಇಳಿಸುವಷ್ಟರಲ್ಲಿ ಊಟದ ಹೊತ್ತು. ಒಳ್ಳೆಯ ಮಾಸ್ಟ್ರು ಅಂದರೆ ಯಾರು, ಅವರಲ್ಲಿ ಏನಿರಬೇಕು ಎಂಬ ಪ್ರಶ್ನೆ ಮಾತ್ರ ಶಾಲಿನ ಮಡಿಕೆಯೊಳಗೇ ಉಳಿದುಬಿಡುತ್ತದೆ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಮಂಗಳೂರಿನಲ್ಲಿ ಬಸ್ಸು ಹತ್ತಿ ಬಂಟ್ವಾಳದಲ್ಲಿ ಇಳಿದರಾಯಿತು. ಪಂಜೆ ಮಂಗೇಶರಾಯರು ಹುಟ್ಟಿದ ಊರು ಅದು.

ಮೂರು ಭಾಷೆಯ ಹುಡುಗ

1874ರ ಫೆಬ್ರವರಿ 22ರಂದು ಹುಟ್ಟಿದ ಈ ಹುಡುಗನ ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಪಂಜ ಎಂಬುದು ಹಿರಿಯರ ಊರು. ಆ ಹೆಸರೇ ಮನೆತನಕ್ಕೆ ಅಂಟಿಕೊಂಡಿತು. ಮನೆಯೊಳಗೆ ಕೊಂಕಣಿ. ಅಂಗಳಕ್ಕೆ ಇಳಿದರೆ ತುಳು. ಕನ್ನಡ ಸಿಗುವುದು ಶಾಲೆಯ ಹೊಸ್ತಿಲು ದಾಟಿದ ಮೇಲೆ! ಮುಂದೆ ಕನ್ನಡದ ಮಕ್ಕಳೆಲ್ಲರ ಬಾಯಿಗೆ ಹಾಡು ಕೊಟ್ಟ ಮನುಷ್ಯನಿಗೆ ಕನ್ನಡ ಮನೆಮಾತಾಗಿರಲಿಲ್ಲ ಎಂಬುದನ್ನು ಓದುಗರು ಮರೆಯಬಾರದು. ಇಡೀ ಕಥೆಯ ಬೇರು ಅಲ್ಲಿದೆ.

ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಒಂದು ಮೂಲೆ. ಶಾಲೆ ಎಂದರೆ ಮಗ್ಗಿ, ಬಾಯಿಪಾಠ ಮತ್ತು ಬೆತ್ತ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಮಗು ಶಾಲೆಗೆ ಬಂದು ಕೂತರೆ ಎದುರಿಗೆ ಹಳೆಯ ಗ್ರಾಂಥಿಕ ಕನ್ನಡ. ಅರ್ಥ ಆಗದಿದ್ದರೂ ಒಪ್ಪಿಸಬೇಕು. ತಪ್ಪಿದರೆ ಅಂಗೈ ಕೆಂಪು. ಹುಡುಗ ದಡ್ಡ ಎಂಬುದು ಮಾಸ್ಟ್ರ ತೀರ್ಪು. ಇವನಿಗೆ ಶಾಲೆಯೇ ಬೇಡ ಎಂಬುದು ಅಪ್ಪನ ತೀರ್ಪು. ಮರುದಿನ ಹುಡುಗ ಗದ್ದೆಗೆ, ಇಲ್ಲವೇ ದೋಣಿಗೆ. ಒಂದು ಜನ್ಮದ ಓದು ಅಲ್ಲಿಗೆ ಮುಗಿಯಿತು!

ಹಾಗಾದರೆ ದಡ್ಡ ಯಾರು? ಕಲಿಯಲಾರದ ಹುಡುಗನೋ, ಕಲಿಸಲಾರದ ಮಾಸ್ಟ್ರೋ? ಈ ಪ್ರಶ್ನೆಗೆ ಪಂಜೆಯವರು ಭಾಷಣ ಮಾಡಿ ಉತ್ತರ ಹೇಳಲಿಲ್ಲ. ಜೀವಮಾನವಿಡೀ ಕೆಲಸ ಮಾಡಿ ತೋರಿಸಿದರು.

ಪಂಡಿತರಿಂದ ಇನ್ಸ್‌ಪೆಕ್ಟರವರೆಗೆ

ಮಂಗೇಶರಾಯರಿಗೆ ಓದು ಸುಲಭದಲ್ಲಿ ಸಿಕ್ಕಿದ್ದಲ್ಲ. ಓದುತ್ತಿರುವಾಗಲೇ ತಂದೆ ತೀರಿಕೊಂಡರು. ದೊಡ್ಡ ಸಂಸಾರ, ಸಣ್ಣ ಕೈ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸ ಸಿಕ್ಕಿದಾಗ ಮನೆ ಉಸಿರಾಡಿತು. ಕಲಿಸುತ್ತಲೇ ಕಲಿತರು. ಬಿ.ಎ. ಮುಗಿಸಿದರು, ಮಾಸ್ಟ್ರುಗಳ ತರಬೇತಿಯಾದ ಎಲ್.ಟಿ.ಯನ್ನೂ ಮಾಡಿಕೊಂಡರು. ಮಂಗಳೂರಿನಲ್ಲಿ ಅವರ ಪಾಠ ಕೇಳಿದವರ ಪೈಕಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಮುಂದೆ ರಾಷ್ಟ್ರಕವಿ ಎನಿಸಿಕೊಂಡ ಪೈಗಳು!

ಆಮೇಲೆ ಸಿಕ್ಕಿದ್ದು ಶಾಲಾ ಇನ್ಸ್‌ಪೆಕ್ಟರಿಕೆ. ಆ ಕಾಲದ ಇನ್ಸ್‌ಪೆಕ್ಟ್ರು ಅಂದರೆ ಏನು ಸಾಮಾನ್ಯವೇ? ಬರುತ್ತಾರಂತೆ ಎಂಬ ಸುದ್ದಿಗೇ ಹಳ್ಳಿ ಶಾಲೆಯ ಜಗಲಿಗೆ ಸೆಗಣಿ ಸಾರಣೆ, ಮಕ್ಕಳ ತಲೆಗೆ ಎಣ್ಣೆ, ಮಾಸ್ಟ್ರ ಹೊಟ್ಟೆಯಲ್ಲಿ ನಡುಕ. ಅದಕ್ಕೆ ಕಾರಣವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಕ್ಕಳ ಪರೀಕ್ಷೆಯ ಫಲ ನೋಡಿ ಶಾಲೆಗೆ ಗ್ರಾಂಟು ಅಳೆದುಕೊಡುವ ಪದ್ಧತಿಯೇ ಇತ್ತು. ಮಗು ತಡವರಿಸಿದರೆ ಮಾಸ್ಟ್ರ ಅನ್ನಕ್ಕೇ ಕಲ್ಲು. ಮತ್ತೆ ಮಾಸ್ಟ್ರು ಬೆತ್ತ ಹಿಡಿಯದೆ ಇನ್ನೇನು ಹಿಡಿದಾರು?

ಪಂಜೆಯವರ ದಾರಿ ಬೇರೆ. ದಫ್ತರ ತಿರುವಿ, ಹಾಜರಿ ಎಣಿಸಿ, ಷರಾ ಬರೆದು ಗಾಡಿ ಹತ್ತುವ ಜಾತಿಯವರಲ್ಲ ಅವರು. ಮಕ್ಕಳ ಮುಂದೆ ನಿಂತು ಕಥೆ ಹೇಳುವವರು, ಹಾಡುವವರು, ಕೈಕಾಲು ಆಡಿಸಿ ಅಭಿನಯಿಸಿ ತೋರಿಸುವವರು. ನಗಿಸುವುದಂತೂ ಅವರಿಗೆ ಹುಟ್ಟುಗುಣ. ಪಾಠ ಹೀಗೂ ಹೇಳಬಹುದು ಎಂದು ಮಾಸ್ಟ್ರಿಗೆ ಗೊತ್ತಾಗಬೇಕಾದರೆ ಇದಕ್ಕಿಂತ ಒಳ್ಳೆಯ ತಪಾಸಣೆ ಬೇಕೇ?

ಕಿವಿಯ ಬಾಗಿಲು

ಮನೆಮಾತಲ್ಲದ ಭಾಷೆ ಮಗುವಿನೊಳಗೆ ಹೋಗುವುದು ಕಣ್ಣಿನಿಂದಲ್ಲ, ಕಿವಿಯಿಂದ. ಕೊಂಕಣಿ ಮನೆಯ ಹುಡುಗನಾಗಿದ್ದ ಪಂಜೆಯವರಿಗೆ ಇದು ಗೊತ್ತಿರದೆ ಇನ್ಯಾರಿಗೆ ಗೊತ್ತು? ಮೊದಲು ತಾಳ ಹಿಡಿಯಬೇಕು, ಮಾತು ಹಿಂದಿನಿಂದ ಬರುತ್ತದೆ, ವ್ಯಾಕರಣ ಇನ್ನೂ ಹಿಂದಿನಿಂದ. ಇದು ಅವರ ಲೆಕ್ಕ.

ಹಾವಿನ ಹಾಡು ಗೊತ್ತಿಲ್ಲದ ಕನ್ನಡದ ಮನೆ ಯಾವುದು? ಹಾವು ಕಂಡರೆ ಓಡು ಎಂದು ಹೆದರಿಸುವ ಪಾಠ ಅದಲ್ಲ. ಮಗು ಕೈಮುಗಿದು ಹಾವನ್ನು ಮಾತಾಡಿಸುತ್ತದೆ, ಹಾಲೆರೆಯುವ ಆಸೆ ಹೇಳುತ್ತದೆ. ಪದಗಳು ಹಾವಿನ ಹಾಗೆಯೇ ಬಳುಕುತ್ತವೆ. ತೆಂಕಣ ಗಾಳಿಯಾಟವನ್ನು ತೆಗೆದುಕೊಳ್ಳಿ. ಮಳೆಗಾಲದ ಆರಂಭದಲ್ಲಿ ಕಡಲಿನಿಂದ ನುಗ್ಗಿ ಬರುವ ಗಾಳಿ ಕರಾವಳಿಯ ಮಗುವಿಗೆ ಹೊಸತಲ್ಲ. ಆ ಗಾಳಿಯ ಸದ್ದೇ ಹಾಡಿನ ಕುಣಿತ. ಭಾಷೆ ಹೊಸತಾದರೂ ಸಂಗತಿ ಮನೆಯದ್ದೇ. ಮಗು ಕಲಿಯದೆ ಏನು ಮಾಡೀತು?

ಕಥೆಗಳದ್ದೂ ಇದೇ ಉಪಾಯ. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಹೆಸರಿನಲ್ಲೇ ಒಂದು ಕಥೆ! ಅಂಗಳದಲ್ಲಿ ಹರಡಿದ ಸಿಗಡಿಯ ವಾಸನೆ ಮೂಗಿಗೆ ಬಡಿದವನಿಗೆ ಬೇರೆ ಪೀಠಿಕೆ ಬೇಡ. ಯಾಕೆ, ಯಾಕೆ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಪೋಣಿಸುತ್ತಾ ಕಥೆ ಮುಂದಕ್ಕೆ ಓಡುತ್ತದೆ. ಮಗು ಕೇಳುವ ಪ್ರಶ್ನೆಗೆ ಗದರಿಸಿ ಕೂರಿಸುವುದು ಬೆತ್ತದ ಶಾಲೆಯ ರೂಢಿ. ಪಂಜೆಯವರು ಆ ಪ್ರಶ್ನೆಯನ್ನೇ ಪಾಠ ಮಾಡಿಬಿಟ್ಟರು. ಇಂಗ್ಲಿಷಿನ ಕವಿ ಬ್ರೌನಿಂಗ್ ಹೇಳಿದ ಕೊಳಲಿನವನ ಕಥೆ ಇವರ ಕೈಯಲ್ಲಿ ಇಲಿಗಳ ತಕ ಥೈ ಆಯಿತು. ಗುಡುಗುಡು ಗುಮ್ಮಟ ದೇವರು, ಮೂರು ಕರಡಿಗಳು, ಒಡ್ಡನ ಓಟ... ಹೆಸರು ಕೇಳಿದರೇ ಮಗು ಹತ್ತಿರ ಸರಿದು ಕೂರಬೇಕು.

ಮಕ್ಕಳಿಗೆ ಬರೆಯುವವರಿಗೆ ಹೆಚ್ಚು ಓದು ಬೇಡ ಎಂದು ತಿಳಿದವರಿದ್ದಾರೆ. ಅವರು ಇಲ್ಲಿ ಸ್ವಲ್ಪ ನಿಲ್ಲಲಿ. ಹಳಗನ್ನಡ ವ್ಯಾಕರಣದ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿದ್ದು ಇದೇ ಪಂಜೆಯವರು. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದದ್ದೂ ಇವರೇ. ಬಾವಿ ಆಳ ಇದ್ದದ್ದರಿಂದಲೇ ಬೇಸಗೆಯಲ್ಲೂ ಕೊಡಕ್ಕೆ ನೀರು ಬಂತು.

1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಎದ್ದುನಿಂತಿತು. ಉಳ್ಳಾಲ ಮಂಗೇಶರಾಯರು, ಎಂ.ಎನ್. ಕಾಮತರಂಥವರು ಜೊತೆಗೂಡಿದರು. ಮಕ್ಕಳಿಗೆ ಓದಲು ಕನ್ನಡದಲ್ಲಿ ಪುಸ್ತಕವೇ ಇಲ್ಲ ಎಂದು ಸರಕಾರಕ್ಕೆ ಮನವಿ ಬರೆಯುತ್ತಾ ಕೂರಲಿಲ್ಲ. ತಾವೇ ಬರೆದರು, ಬರೆಸಿದರು.

ಘಟ್ಟ ಹತ್ತಿದ ಮೇಲೆ

ಮುಂದೆ ಕೆಲಸ ಅವರನ್ನು ಕೊಡಗಿಗೆ ಕರೆದೊಯ್ದಿತು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಹೆಡ್‌ಮಾಸ್ಟ್ರು. ಊರು ಹೊಸತು, ಚಳಿ ಹೊಸತು, ಜನ ಹೊಸಬರು, ಮಕ್ಕಳ ಮನೆಮಾತೂ ಬೇರೆ. ವರ್ಗವಾಗಿ ಬಂದ ದಿನದಿಂದಲೇ ವಾಪಸು ವರ್ಗಕ್ಕೆ ಅರ್ಜಿ ಗುಜರಾಯಿಸುವ ಮಾಸ್ಟ್ರುಗಳನ್ನು ಕಂಡ ನಮ್ಮ ಜಿಲ್ಲೆಗೆ ಇಲ್ಲಿ ಒಂದು ಪಾಠ ಇದೆ. ಪಂಜೆಯವರು ಕೊಡಗನ್ನು ನೋಡಿದರು, ಕೇಳಿದರು, ಅದರ ಬೆಟ್ಟ ಹೊಳೆಗಳನ್ನೂ ವೀರರನ್ನೂ ಸುಗ್ಗಿಯ ಹಬ್ಬವನ್ನೂ ಮನಸ್ಸಿಗೆ ತಂದುಕೊಂಡರು. ಹುತ್ತರಿ ಹಾಡು ಹುಟ್ಟಿತು. ಕೊಡಗಿನವರು ಅದನ್ನು ತಮ್ಮದೇ ಹಾಡೆಂದು ಎದೆಗೆ ಹಚ್ಚಿಕೊಂಡರು. ಬರೆದವರು ಬಂಟ್ವಾಳದವರು!

ಊರಿಗೆ ಕಲಿಸುವ ಮೊದಲು ಊರಿನಿಂದ ಕಲಿಯಬೇಕು. ಇದಕ್ಕೆ ಯಾವ ಟ್ರೈನಿಂಗ್ ಸ್ಕೂಲಿನ ಸರ್ಟಿಫಿಕೇಟೂ ಬೇಕಾಗಿಲ್ಲ.

ಹೆಸರಿನ ಆಸೆಯೂ ಅವರಿಗೆ ಅಷ್ಟಕ್ಕಷ್ಟೆ. ಹಾಡುಗಳಿಗೆ ಹಾಕಿಕೊಂಡ ಅಂಕಿತ ಕವಿಶಿಷ್ಯ. ಕವಿಯಲ್ಲ, ಕವಿಯ ಶಿಷ್ಯ! ಹಗುರ ಬರಹಗಳಿಗೆ ಹರಟೆಮಲ್ಲ. ಸಾವಿರಾರು ಮಕ್ಕಳ ಬಾಯಲ್ಲಿ ಹಾಡು ನಲಿಯುತ್ತಿದ್ದಾಗಲೂ ತಾನಿನ್ನೂ ಶಿಷ್ಯ ಎಂದೇ ಬರೆದುಕೊಂಡರು. ಕಲಿಯುವುದು ಮುಗಿಯಿತು ಎಂದುಕೊಂಡ ದಿನ ಕಲಿಸುವುದೂ ಮುಗಿಯುತ್ತದೆ ಎಂಬುದು ಅವರ ಬಾಳಿನಿಂದ ತಿಳಿಯುವ ಸಂಗತಿ. ತಾನು ಬೆಂಚಿನ ಮೇಲೆ ಅರ್ಥವಾಗದೆ ಕೂತಿದ್ದ ದಿನವನ್ನು ಮರೆಯದವನೇ ಬೆಂಚಿನ ಮೇಲಿನ ಮಗುವಿಗೆ ಅರ್ಥ ಮಾಡಿಸಬಲ್ಲ.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನ ಇವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ರಾಯಚೂರು ಆಗ ನಿಜಾಮರ ರಾಜ್ಯದಲ್ಲಿತ್ತು. ಆಡಳಿತ ಉರ್ದುವಿನಲ್ಲಿ, ಕನ್ನಡದ ಮಗುವಿಗೆ ತನ್ನ ಮಾತಿನಲ್ಲಿ ಕಲಿಯುವುದೇ ಕಷ್ಟ. ಅಂಥ ನೆಲದಲ್ಲಿ ಪಟ್ಟ ಏರಿದ್ದು ಆಸ್ಥಾನ ಕವಿಯಲ್ಲ, ಮಕ್ಕಳ ಮಾಸ್ಟ್ರು. ಅದಾಗಿ ಮೂರೇ ವರ್ಷ. 1937ರ ಅಕ್ಟೋಬರಿನಲ್ಲಿ, 63ನೆಯ ವಯಸ್ಸಿನಲ್ಲಿ, ಹೈದರಾಬಾದಿನಲ್ಲಿ ಪಂಜೆಯವರು ಕಣ್ಣುಮುಚ್ಚಿದರು. ಹುಟ್ಟಿದ ಊರಿನ ನೇತ್ರಾವತಿ ಅಲ್ಲಿಂದ ಬಹಳ ದೂರ.

ಇವತ್ತು ಮಕ್ಕಳಿಲ್ಲದೆ ಕನ್ನಡ ಶಾಲೆಗಳು ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತಿವೆ. ಕಟ್ಟಡ ಇಲ್ಲ, ಕಂಪ್ಯೂಟರ್ ಇಲ್ಲ, ಇಂಗ್ಲಿಷ್ ಇಲ್ಲ ಎಂದು ಕಾರಣಗಳ ಪಟ್ಟಿ ಉದ್ದ ಇದೆ. ಎಲ್ಲವೂ ನಿಜವೇ ಇರಬಹುದು. ಆದರೆ ಪಂಜೆಯವರ ಕೈಯಲ್ಲಿ ಇದ್ದದ್ದಾದರೂ ಏನು? ಒಂದು ಹಾಡು, ಒಂದು ಕಥೆ, ಎದುರಿಗೆ ಕೂತ ಮಗುವಿನ ಮೇಲೆ ಪ್ರೀತಿ. ಮುಂದಿನ ಸಪ್ಟೆಂಬರ್ 5ಕ್ಕೆ ಶಾಲು ಹೊದೆಸುವ ಮುನ್ನ ಸಮಿತಿಯವರು ಒಂದು ಕೆಲಸ ಮಾಡಲಿ. ಆ ಮಾಸ್ಟ್ರ ತರಗತಿಯ ಹಿಂದಿನ ಬೆಂಚಿನ ಹುಡುಗನನ್ನು ಕರೆದು ವಿಚಾರಿಸಲಿ. ಶಾಲೆಗೆ ಓಡಿ ಬರುತ್ತಾನೋ, ಶಾಲೆಯಿಂದ ಓಡಿ ಹೋಗುತ್ತಾನೋ? ಶಾಲು ಯಾರಿಗೆ ಹೊದೆಸಬೇಕೆಂದು ಅವನೇ ಹೇಳಿಯಾನು.